ಆಪರೇಷನ್ ಉಚಿತ, ಆಮೇಲಿನ ಬದುಕು ದುಬಾರಿ

‘ಆರೋಗ್ಯವೇ ಭಾಗ್ಯ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯದೆ ಹೈಸ್ಕೂಲು ದಾಟಿದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಬೆಳಿಗ್ಗೆ ಬೇಗ ಏಳಬೇಕು, ಸೊಪ್ಪು ತರಕಾರಿ ತಿನ್ನಬೇಕು, ವ್ಯಾಯಾಮ ಮಾಡಬೇಕು ಎಂದು ಅರ್ಧ ಪುಟ ತುಂಬಿಸಿ ಅಂಕ ಗಿಟ್ಟಿಸಿಕೊಂಡಿದ್ದೇವೆ. ಆದರೆ ಗಾದೆಯಲ್ಲಿರುವ ‘ಭಾಗ್ಯ’ ಎಂಬ ಪದಕ್ಕೆ ಸಂಪತ್ತು ಎಂಬ ಅರ್ಥವೂ ಇದೆ. ಆ ಅರ್ಥದಲ್ಲಿ ಗಾದೆಯನ್ನು ತಿರುಗಿಸಿ ಓದಿದರೆ, ಆರೋಗ್ಯ ಹೋದ ಮನೆಯಲ್ಲಿ ದುಡ್ಡೂ ಉಳಿಯುವುದಿಲ್ಲ ಎಂದಾಗುತ್ತದೆ. ಇದನ್ನು ಯಾವ ಮೇಷ್ಟ್ರೂ ವಿಸ್ತರಿಸಲು ಹೇಳಲಿಲ್ಲ. ಕೂಲಿ ಮಾಡುವ ಮನೆಗಳಿಂದ ಬಂದ ನಮ್ಮಂಥವರಿಗೆ ಅದನ್ನು ವಿಸ್ತರಿಸಿ ಹೇಳಬೇಕಾದ ಅಗತ್ಯವೂ ಇಲ್ಲ.

ಬಡತನದಿಂದ ರೋಗ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಒಳ್ಳೆಯ ಊಟವಿಲ್ಲ, ಶುದ್ಧ ನೀರಿಲ್ಲ, ಆದ್ದರಿಂದ ಕಾಯಿಲೆ. ಆದರೆ ರೋಗದಿಂದ ಬಡತನ ಬರುವುದರ ಬಗ್ಗೆ ನಾವು ಮಾತನಾಡುವುದು ಕಡಿಮೆ. ಡ್ಯೂಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅನಿರುದ್ಧ ಕೃಷ್ಣ ಅವರು ಭಾರತ, ಕೀನ್ಯಾ, ಉಗಾಂಡ, ಪೆರು ಮತ್ತು ಅಮೆರಿಕದ ಸುಮಾರು 35 ಸಾವಿರ ಕುಟುಂಬಗಳ ಕಥೆಗಳನ್ನು ಕಲೆಹಾಕಿ 2010ರಲ್ಲಿ ‘ಒನ್ ಇಲ್ನೆಸ್ ಅವೇ’ ಎಂಬ ಪುಸ್ತಕ ಬರೆದರು. ಬಡತನದಿಂದ ಬಹುತೇಕ ಕುಟುಂಬಗಳು ‘ಒಂದೇ ಒಂದು ಕಾಯಿಲೆಯಷ್ಟು ದೂರ’ದಲ್ಲಿವೆ ಎಂಬುದು ಆ ಹೆಸರಿನ ತಾತ್ಪರ್ಯ. ಅವರು ಕಂಡುಕೊಂಡ ಸತ್ಯ ಸರಳವಾದದ್ದು. ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ ಕೆಲವು ಕುಟುಂಬಗಳು ಬಡತನದಿಂದ ಮೇಲೆ ಬರುತ್ತಿರುತ್ತವೆ, ಬೇರೆ ಕೆಲವು ಬಡತನಕ್ಕೆ ಬೀಳುತ್ತಿರುತ್ತವೆ. ಮೇಲೆ ಬರುವ ಕಾರಣಗಳು ಬೇರೆ, ಬೀಳುವ ಕಾರಣಗಳು ಬೇರೆ. ಬೀಳುವ ಕಾರಣಗಳಲ್ಲಿ ಎಲ್ಲಕ್ಕಿಂತ ಮುಂದಿರುವುದು ಅನಾರೋಗ್ಯ ಮತ್ತು ಅದರ ಖರ್ಚು.

ನಾವು ಚಿಕ್ಕವರಿದ್ದಾಗ ಆಡಿದ ಹಾವು ಏಣಿ ಆಟ ಇದೇ ಅಲ್ಲವೇ? ಶಿಕ್ಷಣ, ಸ್ಕಾಲರ್‌ಶಿಪ್, ಉದ್ಯೋಗ ಇವೆಲ್ಲ ಏಣಿಗಳು. ಸರ್ಕಾರವೂ ಏಣಿಗಳ ಬಗ್ಗೆಯೇ ಹೆಚ್ಚು ಮಾತನಾಡುತ್ತದೆ, ನಮ್ಮ ಅಪ್ಪ ಅಮ್ಮಂದಿರೂ ಅಷ್ಟೇ. ಮಗ ಎಂಜಿನಿಯರಿಂಗ್ ಸೇರಿದ, ಇನ್ನು ಮನೆ ಮೇಲೆ ಬಂತು ಎಂದುಕೊಳ್ಳುತ್ತಾರೆ. ಆದರೆ ಏಣಿ ಎಷ್ಟೇ ಉದ್ದವಿದ್ದರೂ ತೊಂಬತ್ತನೆಯ ಮನೆಯಲ್ಲಿ ಬಾಯಿ ತೆರೆದು ಕುಳಿತ ಹಾವು ಒಂದಿದ್ದರೆ ಸಾಕು. ನಮ್ಮ ನಾಡಿನ ಲಕ್ಷಾಂತರ ಮನೆಗಳಲ್ಲಿ ಆ ಹಾವಿನ ಹೆಸರು ಶುಗರ್, ಬಿ.ಪಿ., ಕಿಡ್ನಿ, ಹೃದಯ.

ಕಾರ್ಡ್ ಇದ್ದರೂ ಸಾಲ ಏಕೆ?

‘ಈಗ ಕಾರ್ಡ್ ಇದೆಯಲ್ಲ, ಎಲ್ಲ ಉಚಿತ’ ಎಂದು ಕ್ಲಾಸಿನಲ್ಲಿ ಗೆಳೆಯರು ಹೇಳುತ್ತಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಒಪ್ಪಲೇಬೇಕು. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಜಾರಿಗೆ ಬಂದಾಗ ಅದು ದೇಶಕ್ಕೇ ಮಾದರಿ ಎನಿಸಿತ್ತು. 2010ರಲ್ಲಿ ಬಡ ಕುಟುಂಬಗಳ ದೊಡ್ಡ ಕಾಯಿಲೆಗಳಿಗಾಗಿ ವಾಜಪೇಯಿ ಆರೋಗ್ಯಶ್ರೀ ಬಂತು. 2018ರಲ್ಲಿ ಆರೋಗ್ಯ ಕರ್ನಾಟಕ ಶುರುವಾಗಿ, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿಕೊಂಡಿತು. ಈಗ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ, ಮಿತಿ ವರ್ಷಕ್ಕೆ 1.5 ಲಕ್ಷ. ಈ ಯೋಜನೆಗಳಿಂದ ಜೀವ ಉಳಿಸಿಕೊಂಡವರು ಪ್ರತಿ ಊರಲ್ಲೂ ಇದ್ದಾರೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ಕೊಡುವ ಪಾಲು 2013–14ರಲ್ಲಿ ಶೇ 64.2 ಇದ್ದದ್ದು 2021–22ರ ಹೊತ್ತಿಗೆ ಶೇ 39.4ಕ್ಕೆ ಇಳಿದಿದೆ ಎಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ.

ಹಾಗಿದ್ದರೂ ಕಾಯಿಲೆ ಬಂದ ಮನೆ ಸಾಲಕ್ಕೆ ಬೀಳುತ್ತಲೇ ಇದೆ. ಇದಕ್ಕೆ ಕಾರಣ ಕಾರ್ಡು ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡುವುದಿಲ್ಲ ಎಂಬುದರಲ್ಲಿದೆ. ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ಕಾರ್ಡು ಕೆಲಸ ಮಾಡುತ್ತದೆ. ಆಯುಷ್ಮಾನ್ ಭಾರತ್ ನಿಯಮದ ಪ್ರಕಾರ ದಾಖಲಾಗುವ ಮುಂಚಿನ 3 ದಿನ ಹಾಗೂ ಬಿಡುಗಡೆಯ ನಂತರದ 15 ದಿನಗಳ ಔಷಧ, ತಪಾಸಣೆಯ ವೆಚ್ಚವೂ ಅದರಲ್ಲಿ ಸೇರಿದೆ. ಹದಿನಾರನೇ ದಿನದಿಂದ ರೋಗಿ ತನ್ನ ಪಾಡಿಗೆ ತಾನು. ಅಪೆಂಡಿಕ್ಸ್‌ನಂಥ ಕಾಯಿಲೆಗೆ ಇದು ಸರಿ. ಕತ್ತರಿಸಿ ತೆಗೆದರೆ ಮುಗಿಯಿತು. ಆದರೆ ಇವತ್ತು ನಮ್ಮ ಮನೆಗಳಿಗೆ ನುಗ್ಗಿರುವ ಕಾಯಿಲೆಗಳು ಮುಗಿಯುವ ಜಾತಿಯವಲ್ಲ. ಐಸಿಎಂಆರ್ ನಡೆಸಿದ, 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ವಯಸ್ಕರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ರಕ್ತದೊತ್ತಡವಿದೆ. ಇವರಲ್ಲಿ ಹೆಚ್ಚಿನವರು ಯಾವ ವಾರ್ಡಿನಲ್ಲೂ ಮಲಗಿಲ್ಲ. ಮನೆಯಲ್ಲಿದ್ದಾರೆ, ಹೊಲದಲ್ಲಿದ್ದಾರೆ, ಆಟೊ ಓಡಿಸುತ್ತಿದ್ದಾರೆ, ತಿಂಗಳು ತಿಂಗಳು ಮಾತ್ರೆ ಅಂಗಡಿಯ ಮುಂದೆ ನಿಲ್ಲುತ್ತಿದ್ದಾರೆ. ಅಂಗಡಿಯವನಿಗೆ ತೋರಿಸಲು ಅವರ ಬಳಿ ಯಾವ ಕಾರ್ಡೂ ಇಲ್ಲ.

ಒಂದು ಮನೆಯ ಲೆಕ್ಕ

ನನಗೆ ಹತ್ತಿರದಿಂದ ಗೊತ್ತಿರುವ ಲೆಕ್ಕ ನಮ್ಮ ಮನೆಯದೇ. ನಮ್ಮದು ಬ್ಯಾಡಗಿಯ ಪಕ್ಕದ ಹಳ್ಳಿ. ಅಪ್ಪ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ. ಅಮ್ಮ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಾಳೆ, ಕೆ.ಜಿ. ಲೆಕ್ಕದ ಕೂಲಿ. ಸಂಕ್ರಾಂತಿಯಿಂದ ಯುಗಾದಿವರೆಗೆ ಸೀಸನ್. ಹಮಾಲರು ವರ್ಷದ ದುಡಿಮೆಯ ಹೆಚ್ಚಿನ ಪಾಲನ್ನು ಆ ಮೂರು ತಿಂಗಳಲ್ಲೇ ದುಡಿಯಬೇಕು. ನಾನು ಬಿ.ಇ. ಮೊದಲ ವರ್ಷದಲ್ಲಿದ್ದಾಗ, ಸರಿಯಾಗಿ ಸೀಸನ್ ಶುರುವಾಗುವ ಹೊತ್ತಿಗೆ ಅಪ್ಪನ ಕಾಲಿಗೆ ಮೊಳೆ ಚುಚ್ಚಿತು. ಚುಚ್ಚಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಶುಗರ್ ಬಹಳ ಕಾಲ ಹತೋಟಿಯಲ್ಲಿ ಇಲ್ಲದಿದ್ದರೆ ಪಾದದ ನರಗಳು ಸ್ಪರ್ಶ ಕಳೆದುಕೊಳ್ಳುತ್ತವೆ. ಅಪ್ಪನಿಗೆ ಶುಗರ್ ಇತ್ತು ಎಂಬುದು ಮನೆಯಲ್ಲಿ ಯಾರಿಗೂ, ಸ್ವತಃ ಅಪ್ಪನಿಗೂ ತಿಳಿದಿರಲಿಲ್ಲ. ಗಾಯ ಕೀವಾಗಿ ಜ್ವರ ಬಂದ ಮೇಲೆ ಹುಬ್ಬಳ್ಳಿಗೆ ಕರೆದೊಯ್ದೆವು. ಎರಡು ಬೆರಳು ತೆಗೆದರು, ಕಾಲು ಉಳಿಯಿತು. ಹನ್ನೊಂದು ದಿನ ಆಸ್ಪತ್ರೆ. ಬಿಲ್ಲು ಸೊನ್ನೆ. ಅದಕ್ಕೆ ನಾವು ಇಂದಿಗೂ ಕೃತಜ್ಞರು.

ಆಮೇಲೆ ನಾಲ್ಕು ತಿಂಗಳಲ್ಲಿ ಏನೇನಾಯಿತು ಎಂದು ನಾನೊಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಬಸ್ಸು, ಆಟೊ, ಜೊತೆಗಿದ್ದವರ ಊಟ: 9,200 ರೂಪಾಯಿ. ಡ್ರೆಸಿಂಗ್, ಹೊರಗಿನ ರಕ್ತಪರೀಕ್ಷೆ, ಇನ್ಸುಲಿನ್, ಮಾತ್ರೆ: 23,400. ಮೆತ್ತನೆಯ ವಿಶೇಷ ಚಪ್ಪಲಿ: 1,800. ಇಲ್ಲಿಗೆ ಕೈಯಿಂದ ಹೋದದ್ದು 34,400. ಇನ್ನು ಕೈಗೆ ಬಾರದೆ ಹೋದದ್ದು ಇದೆ. ಅಪ್ಪನ ಸೀಸನ್ ಕೂಲಿ ಸುಮಾರು 62,000. ಅವರನ್ನು ನೋಡಿಕೊಳ್ಳಲು ಅಮ್ಮ ಬಿಟ್ಟ ಎರಡು ತಿಂಗಳ ಕೂಲಿ 14,000. ಎಲ್ಲ ಸೇರಿ 1,10,400 ರೂಪಾಯಿ. ‘ಉಚಿತ’ ಚಿಕಿತ್ಸೆಯ ಬೆಲೆ ಇದು.

ಈ ಲೆಕ್ಕದಲ್ಲಿ ಗಮನಿಸಬೇಕಾದದ್ದು, ಔಷಧಕ್ಕೆ ಹೋದ ದುಡ್ಡಿಗಿಂತ ಬಾರದೆ ಹೋದ ಕೂಲಿ ಎರಡು ಪಟ್ಟಿಗೂ ಹೆಚ್ಚು. ಆರೋಗ್ಯದ ಖರ್ಚು ಕುಟುಂಬವನ್ನು ಎಷ್ಟು ಕಾಡುತ್ತದೆ ಎಂದು ಅಳೆಯಲು ಜಗತ್ತು ಬಳಸುತ್ತ ಬಂದ ಒಂದು ಅಳತೆಗೋಲಿದೆ. ಮನೆಯ ಒಟ್ಟು ಖರ್ಚಿನ ಶೇ 10ಕ್ಕಿಂತ ಹೆಚ್ಚು ಪಾಲು ಚಿಕಿತ್ಸೆಗೆ ಹೋದರೆ ಅದು ಕುಟುಂಬಕ್ಕೆ ದುರಂತದ ವೆಚ್ಚ ಎಂದು ಅದು ಲೆಕ್ಕ ಹಾಕುತ್ತದೆ. ಆ ಅಳತೆಗೋಲಿನಲ್ಲಿ ಕೂಡ ಕಳೆದುಹೋದ ಕೂಲಿ ಸೇರುವುದಿಲ್ಲ. ತಿಂಗಳ ಸಂಬಳ ತೆಗೆದುಕೊಳ್ಳುವವರಿಗೆ ಕಾಯಿಲೆ ಎಂದರೆ ಸಿಕ್ ಲೀವ್. ದಿನಗೂಲಿಯವರಿಗೆ ಕಾಯಿಲೆ ಎಂದರೆ ಅವತ್ತಿನಿಂದಲೇ ಆದಾಯ ಸೊನ್ನೆ. ನಮ್ಮಲ್ಲಿ ದುಡಿಯುವವರ ಪೈಕಿ ಬಹುಪಾಲು ಜನ ಇದೇ ಗುಂಪಿನವರು.

ನಾಲ್ಕು ತಿಂಗಳಿಗೆ ಕಷ್ಟ ಮುಗಿಯಲೂ ಇಲ್ಲ. ಮೂಟೆ ಹೊರುವುದು ಇನ್ನು ಬೇಡ ಎಂದರು ಡಾಕ್ಟರು. ಅಪ್ಪ ಈಗ ಗೋದಾಮೊಂದರ ಕಾವಲಿಗಿದ್ದಾರೆ, ತಿಂಗಳಿಗೆ 7,000. ಅದರ ಜೊತೆಗೆ ಸಂಘದ ಸಾಲದ ವಾರದ ಕಂತು, ಒತ್ತೆ ಇಟ್ಟ ಅಮ್ಮನ ಬೆಂಡೋಲೆಯ ಬಡ್ಡಿ, ಪ್ರತಿ ತಿಂಗಳು ಹತ್ತಿರ ಹತ್ತಿರ 1,800 ರೂಪಾಯಿಯ ಇನ್ಸುಲಿನ್, ಮಾತ್ರೆ. ಗೃಹಲಕ್ಷ್ಮಿಯ 2,000 ರೂಪಾಯಿ ಬಂದ ದಿನವೇ ಔಷಧದ ಅಂಗಡಿಗೆ ಹೋಗುತ್ತದೆ. ದುಡ್ಡು ತಡವಾದ ತಿಂಗಳಲ್ಲಿ ಅಪ್ಪ ಎರಡು ಮಾತ್ರೆಯ ಬದಲು ಒಂದು ನುಂಗುತ್ತಾರೆ. ಹಾಗೆ ಉಳಿಸಿದ ದುಡ್ಡು ಮುಂದೆ ಕಿಡ್ನಿಯ ರೂಪದಲ್ಲಿ, ಕಣ್ಣಿನ ರೂಪದಲ್ಲಿ ಬಡ್ಡಿ ಸಮೇತ ವಸೂಲಾಗುತ್ತದೆ.

ಬಿಲ್ಲಿನಲ್ಲಿ ಕಾಣದ ಇನ್ನೊಂದು ಸಾಲು ಇದೆ. ಅಕ್ಕ ಆಗ ಬಿ.ಕಾಂ. ಎರಡನೇ ವರ್ಷದಲ್ಲಿದ್ದಳು. ಓದು ಬಿಟ್ಟು ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದಳು. ನನ್ನ ಮೂರು ಸೆಮಿಸ್ಟರ್‌ಗಳ ಹಾಸ್ಟೆಲ್ ದುಡ್ಡು ಅವಳ ಸಂಬಳದ್ದು. ಮನೆಯಲ್ಲಿ ಇದರ ಬಗ್ಗೆ ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಅದು ತಾನೇ ತಾನಾಗಿ ಆಯಿತು. ಹೆಚ್ಚಿನ ಮನೆಗಳಲ್ಲಿ ಹಾಗೆಯೇ ಆಗುತ್ತದೆ. ಕಾಯಿಲೆ ಬಂದದ್ದು ಯಾರಿಗೇ ಆದರೂ ಮೊದಲು ಬಿಡುವುದು ಮಗಳ ಓದು, ಆಮೇಲೆ ತಾಯಿಯ ಕೆಲಸ. ಅನಾರೋಗ್ಯ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬಡತನವನ್ನು ದಾಟಿಸುವುದು ಹೀಗೆ. ಡಿಗ್ರಿ ಮುಗಿಸಿದ ಅಕ್ಕ ದುಡಿಯಬಹುದಾಗಿದ್ದಕ್ಕೂ ಈಗ ದುಡಿಯುತ್ತಿರುವುದಕ್ಕೂ ಇರುವ ವ್ಯತ್ಯಾಸವನ್ನು ನನ್ನ ನೋಟ್‌ಬುಕ್‌ನಲ್ಲಿ ಎಷ್ಟೆಂದು ಬರೆಯಲಿ?

ಕೆಟ್ಟ ಮೇಲೆ ರಿಪೇರಿ

ನಾನು ಓದುತ್ತಿರುವುದು ಮೆಕ್ಯಾನಿಕಲ್. ಕಾರ್ಖಾನೆಯ ಯಂತ್ರಗಳನ್ನು ನೋಡಿಕೊಳ್ಳುವುದಕ್ಕೆ ಎರಡು ದಾರಿ ಇವೆ ಎಂದು ನಮಗೆ ಕಲಿಸುತ್ತಾರೆ. ಒಂದು, ಯಂತ್ರ ಕೆಟ್ಟು ನಿಂತ ಮೇಲೆ ರಿಪೇರಿ ಮಾಡುವುದು. ಇನ್ನೊಂದು, ಕೆಡುವ ಮುಂಚೆಯೇ ನಿಗದಿತ ಸಮಯಕ್ಕೆ ಎಣ್ಣೆ ಹಾಕಿ, ಬೇರಿಂಗ್ ನೋಡಿ, ಸವೆದದ್ದನ್ನು ಬದಲಿಸುವುದು. ಬೇರಿಂಗಿನ ಬೆಲೆ ಕೆಲವು ನೂರು ರೂಪಾಯಿ ಇರಬಹುದು, ಆದರೆ ಅದು ಮುರಿದು ಇಡೀ ಲೈನ್ ನಿಂತರೆ ನಷ್ಟ ಲಕ್ಷಗಳಲ್ಲಿ. ಆದ್ದರಿಂದ ಬುದ್ಧಿ ಇರುವ ಯಾವ ಕಾರ್ಖಾನೆಯೂ ಮೊದಲ ದಾರಿಯನ್ನು ನಂಬಿ ಕೂರುವುದಿಲ್ಲ. ನಮ್ಮ ಆರೋಗ್ಯ ಯೋಜನೆಗಳ ಹೆಚ್ಚಿನ ದುಡ್ಡು ಮೊದಲ ದಾರಿಯಲ್ಲೇ ಹರಿಯುತ್ತಿದೆ. ಯಶಸ್ವಿನಿ ಶುರುವಾದದ್ದೇ ಶಸ್ತ್ರಚಿಕಿತ್ಸೆಗಳಿಗಾಗಿ, ಆರೋಗ್ಯಶ್ರೀ ಬಂದದ್ದು ದೊಡ್ಡಾಸ್ಪತ್ರೆಯ ಚಿಕಿತ್ಸೆಗಾಗಿ. ಅವು ತಪ್ಪಲ್ಲ, ಬೇಕೇ ಬೇಕು. ಆದರೆ ಬೆರಳು ಕತ್ತರಿಸಲು ದುಡ್ಡು ಕೊಡುವ ವ್ಯವಸ್ಥೆ, ಬೆರಳು ಉಳಿಸುವ ಮಾತ್ರೆಗೂ ಅಷ್ಟೇ ಗಟ್ಟಿಯಾಗಿ ದುಡ್ಡು ಕೊಡಬೇಕು ಎಂಬುದು ನನ್ನ ವಾದ.

ಡಯಾಲಿಸಿಸ್ ಉದಾಹರಣೆ ನೋಡಿ. 2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಬಡವರಿಗೆ ಜಿಲ್ಲಾಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಸಿಗುತ್ತಿದೆ. ಆದರೆ ಅದು ವಾರಕ್ಕೆ ಎರಡು ಮೂರು ಬಾರಿ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಹಳ್ಳಿಯಿಂದ ಹೋಗಿ ಬರುವುದು ಸೇರಿದರೆ ಇಡೀ ದಿನ. ಜೊತೆಗೊಬ್ಬರು ಬೇಕು. ವಾರದಲ್ಲಿ ಮೂರು ದಿನ ಇಬ್ಬರು ದುಡಿಯುವವರು ಕೆಲಸ ಬಿಟ್ಟರೆ ಆ ಮನೆಯ ಒಲೆ ಹೇಗೆ ಉರಿಯಬೇಕು? ಕಿಡ್ನಿ ಹಾಳಾಗಲು ದೊಡ್ಡ ಕಾರಣಗಳು ಹತೋಟಿ ತಪ್ಪಿದ ಶುಗರ್ ಮತ್ತು ಬಿ.ಪಿ. ಎರಡನ್ನೂ ಹತೋಟಿಯಲ್ಲಿಡುವ ಸಾಮಾನ್ಯ ಮಾತ್ರೆಗಳು ಜೆನೆರಿಕ್ ರೂಪದಲ್ಲಿ ತುಂಬಾ ಅಗ್ಗ. ಅಗ್ಗದ ಮಾತ್ರೆ ಸಮಯಕ್ಕೆ ತಲುಪದ ಕಾರಣಕ್ಕೆ ದುಬಾರಿ ಯಂತ್ರದ ಮುಂದೆ ಜನ ಸಾಲುಗಟ್ಟುತ್ತಿದ್ದಾರೆ.

‘ಜನರೇ ಸರಿಯಿಲ್ಲ, ಕುಡಿಯುತ್ತಾರೆ, ಗುಟ್ಕಾ ಹಾಕುತ್ತಾರೆ, ಹೇಳಿದರೂ ಟೆಸ್ಟ್ ಮಾಡಿಸುವುದಿಲ್ಲ’ ಎಂಬ ಮಾತೂ ಇದೆ. ಕುಡಿತ, ತಂಬಾಕು ಮನೆ ಹಾಳು ಮಾಡುವುದು ನಿಜ, ಅದರಲ್ಲಿ ವಾದವೇ ಇಲ್ಲ. ಆದರೆ ಟೆಸ್ಟ್ ಮಾಡಿಸದಿರುವುದಕ್ಕೆ ಬರೀ ಸೋಮಾರಿತನ ಕಾರಣವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಒಪಿಡಿ ನಡೆಯುವುದು ಕೂಲಿಯವರು ದುಡಿಯುವ ಹೊತ್ತಿನಲ್ಲೇ. ಚೀಟಿ ಉಚಿತ, ಮಾತ್ರೆ ಉಚಿತ, ಆದರೆ ಅದನ್ನು ಪಡೆಯಲು ಒಂದು ದಿನದ ಕೂಲಿ ಬಿಡಬೇಕು. ಆರಾಮಿದ್ದೇನೆ ಅನಿಸುವ ಮನುಷ್ಯ ಆ ಕೂಲಿ ಬಿಡುವುದಿಲ್ಲ. ನಮ್ಮಮ್ಮನಿಗೆ ಬಿ.ಪಿ. ಚೆಕ್ ಮಾಡಿಸು ಎಂದರೆ, ‘ಒಂದಿನದ ಪಗಾರ ಹೋದ್ರ ನಿಮ್ಮ ಡಾಕ್ಟರ್ ಕೊಡ್ತಾನೇನು?’ ಎನ್ನುತ್ತಾಳೆ. ಅವಳ ಪ್ರಶ್ನೆಗೆ ನಮ್ಮ ವ್ಯವಸ್ಥೆಯಲ್ಲಿ ಇನ್ನೂ ಉತ್ತರವಿಲ್ಲ.

ಉತ್ತರಗಳು ನಮ್ಮಲ್ಲೇ ಇವೆ

ಹಾಗೆಂದು ಎಲ್ಲವನ್ನೂ ಹೊಸದಾಗಿ ಕಂಡುಹಿಡಿಯಬೇಕಿಲ್ಲ. ಕ್ಷಯ ರೋಗದ ಉದಾಹರಣೆ ನಮ್ಮ ಮುಂದಿದೆ. ಕ್ಷಯಕ್ಕೆ ಔಷಧ ಕೊಟ್ಟರೆ ಸಾಲದು, ರೋಗಿಯ ಹೊಟ್ಟೆಯನ್ನೂ ನೋಡಬೇಕು ಎಂದು ಅರಿತ ಕೇಂದ್ರ ಸರ್ಕಾರ 2018ರಲ್ಲಿ ನಿಕ್ಷಯ್ ಪೋಷಣ್ ಯೋಜನೆಯಡಿ ಚಿಕಿತ್ಸೆಯಲ್ಲಿರುವವರಿಗೆ ತಿಂಗಳಿಗೆ 500 ರೂಪಾಯಿ ಕೊಡಲಾರಂಭಿಸಿತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ ಆಗಿದೆ. ಮೊತ್ತ ಚಿಕ್ಕದಿರಬಹುದು. ಆದರೆ ಚಿಕಿತ್ಸೆ ಎಂದರೆ ಔಷಧ ಮಾತ್ರವಲ್ಲ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತಲ್ಲ? ಅದೇ ತತ್ವವನ್ನು ಡಯಾಲಿಸಿಸ್, ಕ್ಯಾನ್ಸರ್, ದೊಡ್ಡ ಶಸ್ತ್ರಚಿಕಿತ್ಸೆಯ ನಂತರದ ಚೇತರಿಕೆಗೂ ವಿಸ್ತರಿಸಬಹುದು.

ಎರಡನೆಯ ಉದಾಹರಣೆ ಇಎಸ್‌ಐ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಪಡೆಯುವ ಕಾರ್ಮಿಕರ ಸಂಬಳದಿಂದ ಶೇ 0.75, ಮಾಲೀಕರಿಂದ ಶೇ 3.25 ಕಟ್ಟಿಸಿಕೊಂಡು ಅದು ಚಿಕಿತ್ಸೆಯನ್ನಷ್ಟೇ ಅಲ್ಲ, ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಶೇ 70ರಷ್ಟು ಕೂಲಿಯನ್ನೂ ಕೊಡುತ್ತದೆ. ಕಳೆದುಹೋದ ಕೂಲಿಯೂ ಕಾಯಿಲೆಯ ಖರ್ಚೇ ಎಂಬ ತಿಳಿವಳಿಕೆ ಈ ದೇಶಕ್ಕೆ 1948ರ ಇಎಸ್‌ಐ ಕಾಯ್ದೆಯ ಕಾಲದಲ್ಲೇ ಇತ್ತು. ಅದು ಕಾರ್ಖಾನೆಯ ಗೇಟಿನ ಒಳಗಿರುವವರಿಗೆ ತಲುಪಿತು, ಗೇಟಿನ ಹೊರಗಿರುವ ಹಮಾಲಿ, ಗಾರೆ ಕೆಲಸದವರು, ಮನೆಗೆಲಸದವರಿಗೆ ತಲುಪಲಿಲ್ಲ. ಮಾರುಕಟ್ಟೆಗೆ ಬರುವ ಪ್ರತಿ ಚೀಲಕ್ಕೆ ಲೆಕ್ಕವಿದೆ, ಶುಲ್ಕವಿದೆ. ಆ ಚೀಲ ಹೊರುವವನ ಕಾಯಿಲೆಗೆಂದು ಒಂದಿಷ್ಟು ಪೈಸೆ ತೆಗೆದಿಡುವುದು ಅಸಾಧ್ಯದ ಲೆಕ್ಕವೇನಲ್ಲ.

ಮೂರನೆಯದು, ಆಸ್ಪತ್ರೆಗೆ ಬಾರದವರ ಬಳಿಗೆ ಆಸ್ಪತ್ರೆಯೇ ಹೋಗುವುದು. ರಾಜ್ಯದಲ್ಲಿ 2024ರಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ ಯೋಜನೆ ಮನೆ ಬಾಗಿಲಲ್ಲೇ ಬಿ.ಪಿ., ಶುಗರ್ ತಪಾಸಣೆ ಮಾಡುವ ಉದ್ದೇಶದ್ದು. ದಿಕ್ಕು ಸರಿಯಿದೆ. ಆದರೆ ತಪಾಸಣೆಯಲ್ಲಿ ಶುಗರ್ ಸಿಕ್ಕ ಮೇಲೆ ಪ್ರತಿ ತಿಂಗಳು ತಪ್ಪದೆ ಮಾತ್ರೆ ಸಿಗಬೇಕು, ಸ್ಟಾಕ್ ಇಲ್ಲ ಎಂಬ ಮಾತು ಬರಬಾರದು, ವಾರದಲ್ಲಿ ಎರಡು ದಿನವಾದರೂ ಸಂಜೆ ಒಪಿಡಿ ಇರಬೇಕು. ಇವು ಕೋಟಿಗಟ್ಟಲೆಯ ಕಟ್ಟಡಗಳಲ್ಲ, ಉದ್ಘಾಟನೆಗೆ ಟೇಪು ಕತ್ತರಿಸಲು ಬರುವಂಥವೂ ಅಲ್ಲ. ಆದ್ದರಿಂದಲೇ ಹಿಂದೆ ಬೀಳುತ್ತವೆ. ಸರ್ಕಾರಗಳ ಆರೋಗ್ಯ ವೆಚ್ಚವನ್ನು 2025ರೊಳಗೆ ಜಿಡಿಪಿಯ ಶೇ 2.5ಕ್ಕೆ ಏರಿಸುತ್ತೇವೆ ಎಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು. ಆ ಮಾತನ್ನು ನೆನಪಿಸಿ ಕೇಳಬೇಕಾದವರಲ್ಲಿ ಮೊದಲ ಬಾರಿ ಮತ ಹಾಕುವ ನಮ್ಮ ವಯಸ್ಸಿನವರೂ ಇದ್ದಾರೆ.

ನಾವು ಮಾಡಬಹುದಾದದ್ದು

ಸರ್ಕಾರ ಮಾಡುವವರೆಗೆ ಕಾಯುತ್ತ ಕೂರಬೇಕೇ? ಬೇಡ. ಮನೆಯಲ್ಲಿ ಫಾರಂ ತುಂಬುವ, ಮೊಬೈಲಿನಲ್ಲಿ ಹುಡುಕಿ ತಿಳಿದುಕೊಳ್ಳುವ ಒಬ್ಬರು ಅಂತ ಇದ್ದರೆ ಅದು ಕಾಲೇಜಿಗೆ ಹೋಗುವ ನಾವೇ. ಈ ಪುಟ ಓದುವ ಗೆಳೆಯರಿಗೆ ನಾನು ಕೇಳಿಕೊಳ್ಳುವುದು ಕೆಲವೇ ಸಂಗತಿ.

ಒಂದು, ನಿಮ್ಮ ಮನೆಯ ಎಲ್ಲರ ಹೆಸರಿನಲ್ಲೂ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಆಗಿದೆಯೇ ನೋಡಿ. ತುರ್ತು ಸಂದರ್ಭ ಬಿಟ್ಟರೆ ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು ಎಂಬುದು ಬಹಳ ಜನರಿಗೆ ಬಿಲ್ ಕಟ್ಟುವ ಕೌಂಟರಿನಲ್ಲಿ ನಿಂತಾಗಲೇ ಗೊತ್ತಾಗುವುದು. ಅಜ್ಜ ಅಜ್ಜಿಗೆ 70 ವರ್ಷ ದಾಟಿದ್ದರೆ, ಆದಾಯ ಎಷ್ಟೇ ಇರಲಿ, 2024ರ ಅಕ್ಟೋಬರ್‌ನಿಂದ ಅವರೂ ಆಯುಷ್ಮಾನ್ ವ್ಯಾಪ್ತಿಗೆ ಬರುತ್ತಾರೆ ಎಂಬುದೂ ನೆನಪಿರಲಿ.

ಎರಡು, 30 ದಾಟಿದವರಿಗೆ ಬಿ.ಪಿ., ಶುಗರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಅಪ್ಪ ಅಮ್ಮನ ಕೂಲಿ ತಪ್ಪದ ದಿನ ನೋಡಿ, ಅಮಾವಾಸ್ಯೆಯೋ ಮಾರುಕಟ್ಟೆ ರಜೆಯೋ ಇದ್ದಾಗ, ನೀವೇ ಕರೆದುಕೊಂಡು ಹೋಗಿ. ಬರೆದುಕೊಟ್ಟ ಮಾತ್ರೆಯ ಜೆನೆರಿಕ್ ರೂಪ ಇದೆಯೇ ಎಂದು ಡಾಕ್ಟರನ್ನೇ ಕೇಳಿ. ಜನೌಷಧಿ ಮಳಿಗೆಗಳಲ್ಲಿ ಬ್ರ್ಯಾಂಡೆಡ್ ಔಷಧಕ್ಕಿಂತ ಶೇ 50ರಿಂದ 80ರಷ್ಟು ಕಡಿಮೆ ಬೆಲೆ ಎಂದು ಸರ್ಕಾರ ಹೇಳುತ್ತದೆ. ತಿಂಗಳ ಖರ್ಚು ಅರ್ಧಕ್ಕಿಳಿದರೆ, ಅರ್ಧ ಮಾತ್ರೆ ನುಂಗುವ ಪ್ರಸಂಗ ತಪ್ಪುತ್ತದೆ.

ಮೂರನೆಯದು ಕೆಲಸ ಹುಡುಕುತ್ತಿರುವವರಿಗೆ. ಪ್ಲೇಸ್‌ಮೆಂಟ್ ಸಮಯದಲ್ಲಿ ನಾವೆಲ್ಲ ಕೇಳುವುದು ಒಂದೇ ಪ್ರಶ್ನೆ, ಪ್ಯಾಕೇಜ್ ಎಷ್ಟು? ಇನ್ನೆರಡು ಪ್ರಶ್ನೆ ಸೇರಿಸಿ. ಕಂಪನಿಯ ಆರೋಗ್ಯ ವಿಮೆಯಲ್ಲಿ ತಂದೆ ತಾಯಿ ಸೇರುತ್ತಾರೆಯೇ? ಅವರಿಗೆ ಈಗಾಗಲೇ ಇರುವ ಕಾಯಿಲೆಗೂ ಮೊದಲ ದಿನದಿಂದ ಅನ್ವಯವಾಗುತ್ತದೆಯೇ? ನಾವೇ ಹೊರಗೆ ವೈಯಕ್ತಿಕ ಪಾಲಿಸಿ ಮಾಡಿಸಿದರೆ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯುವ ಅವಧಿ ಇರಬಹುದು. ಶುಗರ್ ಇರುವ ಅಪ್ಪನಿಗೆ ಆ ಮೂರು ವರ್ಷ ಬಹಳ ದೊಡ್ಡದು. ಸಂಬಳ ಕಡಿಮೆ ಇದ್ದು ಇಎಸ್‌ಐ ಕಡಿತವಾಗುತ್ತಿದ್ದರೆ, ‘ಸುಮ್ಮನೆ ದುಡ್ಡು ಹಿಡಿಯುತ್ತಾರೆ’ ಎಂದು ಬೈಯುವ ಮುಂಚೆ ಅದರ ಕಾರ್ಡ್ ಮಾಡಿಸಿ. ಆದಾಯ ಮಿತಿಯೊಳಗಿರುವ ಅವಲಂಬಿತ ತಂದೆ ತಾಯಿಗೂ ಅದರಲ್ಲಿ ಚಿಕಿತ್ಸೆ ಸಿಗುತ್ತದೆ. ಅಕ್ಕನ ಇಎಸ್‌ಐನಲ್ಲಿ ಅಪ್ಪ ಅಮ್ಮನ ಹೆಸರು ಸೇರಿಸಲು ನಮಗೆ ಒಂದು ವಾರ ಹಿಡಿಯಿತು, ಅಷ್ಟೇ.

ನಾಲ್ಕನೆಯದು ಸ್ವಲ್ಪ ಕಷ್ಟದ್ದು. ಮನೆಯಲ್ಲಿ ಕಾಯಿಲೆ ಬಂದಾಗ ಯಾರ ಓದು ನಿಲ್ಲಬೇಕು ಎಂಬುದು ತಾನೇ ತಾನಾಗಿ ತೀರ್ಮಾನವಾಗಲು ಬಿಡಬೇಡಿ. ಎಲ್ಲರೂ ಕೂತು ಮಾತನಾಡಿ. ಸ್ಕಾಲರ್‌ಶಿಪ್ ಇದೆಯೇ, ಒಂದು ವರ್ಷ ಬಿಟ್ಟು ಮುಂದುವರಿಸಬಹುದೇ, ದೂರಶಿಕ್ಷಣದ ದಾರಿ ಇದೆಯೇ ಎಂದು ನೋಡಿ. ಅಕ್ಕ ಈ ವರ್ಷ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ.ಗೆ ಹೆಸರು ನೋಂದಾಯಿಸಿದ್ದಾಳೆ. ಭಾನುವಾರ ಓದುತ್ತಾಳೆ. ಮೂರು ವರ್ಷ ತಡವಾಗಿ ಮುಗಿಯುತ್ತದೆ, ಮುಗಿಯುತ್ತದೆ ಎಂಬ ನಂಬಿಕೆ ಇದೆ.

ನಮ್ಮ ಕೆಲಸ ಸಿಕ್ಕ ಮೇಲೆ ಮನೆ ಮೇಲೇಳುತ್ತದೆ ಎಂದು ನಂಬಿಕೊಂಡೇ ನಾವೆಲ್ಲ ಓದುತ್ತಿದ್ದೇವೆ. ಆ ನಂಬಿಕೆ ಸುಳ್ಳಾಗದಿರಬೇಕಾದರೆ ನಮ್ಮ ಮೊದಲ ಸಂಬಳ ಬರುವವರೆಗೆ ಅಪ್ಪ ಅಮ್ಮ ಆರೋಗ್ಯವಾಗಿ ಇರಬೇಕು, ಬಂದ ಮೇಲೆ ಆ ಸಂಬಳ ಹಳೆಯ ಆಸ್ಪತ್ರೆ ಸಾಲಕ್ಕೆ ಹೋಗದಂತಿರಬೇಕು. ಆದ್ದರಿಂದ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ಮನೆಯವರ ಒಂದು ಫೈಲ್ ಮಾಡಿ. ಯಾರಿಗೆ ಏನು ಕಾಯಿಲೆ, ಯಾವ ಮಾತ್ರೆ, ಕೊನೆಯ ಬಾರಿ ತಪಾಸಣೆ ಆದದ್ದು ಯಾವಾಗ, ಕಾರ್ಡಿನ ನಂಬರ್ ಏನು ಎಂದು ಬರೆದಿಡಿ. ನಾಲ್ಕು ಹಾಳೆ ಸಾಕು. ಕೊನೆಯ ತಪಾಸಣೆಯ ಕಾಲಂ ಖಾಲಿ ಉಳಿದರೆ ಯಾರನ್ನು ಮೊದಲು ಆಸ್ಪತ್ರೆಗೆ ಕರೆದೊಯ್ಯಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ.